82 ದಿನಗಳ ರಡಾನ್: ಒಂದು ಬಾಸ್ ಕಾಳಗದ ಪ್ರಕರಣ ಅಧ್ಯಯನ

‘ಎಲ್ಡನ್ ರಿಂಗ್’ ವೀಡಿಯೊ ಆಟದ ವಿಸ್ತರಣೆಯಾದ ‘ಶಾಡೋ ಆಫ್ ದಿ ಎರ್ಡ್‌ಟ್ರೀ’ 2024ರ ಜೂನ್ 21ರಂದು ಬಿಡುಗಡೆಯಾಯಿತು. ಅದರ ಕೊನೆಯ ಬಾಸ್ (ಅಂದರೆ ಮುಂದೆ ಹೋಗಲು ಸೋಲಿಸಬೇಕಾದ ಬಲಾಢ್ಯ ಶತ್ರು) ‘ಪ್ರಾಮಿಸ್ಡ್ ಕಾನ್ಸಾರ್ಟ್ ರಡಾನ್’ ಅದೇ ವರ್ಷದ ಸೆಪ್ಟೆಂಬರ್ 11ರಂದು ಬಂದ 1.14ನೇ ಪ್ಯಾಚ್‌ನಲ್ಲಿ, ಅಂದರೆ ಆಟದ ತಿದ್ದುಪಡಿಯಲ್ಲಿ, ಗಣನೀಯವಾಗಿ ಬದಲಾದ. ಈ ಎರಡು ದಿನಾಂಕಗಳ ನಡುವಿನ 82 ದಿನಗಳೇ ಈ ಅಧ್ಯಯನದ ವಸ್ತು. ಆ ಅವಧಿಯಲ್ಲಿ ಆಡಿದವರು ಎದುರಿಸಿದ್ದು ಒಬ್ಬ ರಡಾನ್‌ನನ್ನು. ಆಮೇಲೆ ಬಂದವರು ಎದುರಿಸುತ್ತಿರುವುದು ಇನ್ನೊಬ್ಬನನ್ನು. ಈ ಆಟವನ್ನು ತಯಾರಿಸಿದ, ಕಠಿಣತೆಗೇ ಹೆಸರಾದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ತನ್ನ ಅತಿ ಕಠಿಣ ಬಾಸ್‌ಗಳಲ್ಲಿ ಒಬ್ಬನನ್ನು ತಾನೇ ತಿದ್ದಲು ಕೂತಾಗ ಯಾವುದನ್ನು ಮುಟ್ಟಿತು, ಯಾವುದನ್ನು ಮುಟ್ಟದೆ ಬಿಟ್ಟಿತು ಎಂಬುದನ್ನು ನೋಡಿದರೆ, ಬಾಸ್ ಕಾಳಗವೊಂದು ಎಲ್ಲಿಯವರೆಗೆ ಕಠಿಣವಾಗಿರುತ್ತದೆ ಮತ್ತು ಎಲ್ಲಿಂದಾಚೆಗೆ ಓದಲಾಗದಂತಾಗುತ್ತದೆ ಎಂಬ ಗೆರೆ ಸಾಕಷ್ಟು ಸ್ಪಷ್ಟವಾಗಿ ಕಾಣಿಸುತ್ತದೆ. ನಾನು ಈ ಕಾಳಗವನ್ನು ಪ್ಯಾಚ್‌ಗೆ ಮುಂಚೆಯೂ ಆಡಿದ್ದೇನೆ, ನಂತರವೂ ಆಡಿದ್ದೇನೆ. ಮುಂದಿನ ವಿಶ್ಲೇಷಣೆ ಆ ಎರಡೂ ಅನುಭವಗಳನ್ನು ಅಕ್ಕಪಕ್ಕದಲ್ಲಿಟ್ಟು ಮಾಡಿದ್ದು.

ವಿಸ್ತರಣೆಯ ಬಾಗಿಲು

ಮೂಲ ಆಟ 2022ರ ಫೆಬ್ರವರಿ 25ರಂದು ಬಂದಿತ್ತು. ವಿಸ್ತರಣೆಗಾಗಿ ಆಟಗಾರರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದರು, ಬಿಡುಗಡೆಯಾದ ಮೂರೇ ದಿನಗಳಲ್ಲಿ ಅದರ 50 ಲಕ್ಷ ಪ್ರತಿಗಳು ಮಾರಾಟವಾದವು. ಆದರೆ ಹಣ ಕೊಟ್ಟ ಮಾತ್ರಕ್ಕೆ ಒಳಗೆ ಹೋಗುವಂತಿರಲಿಲ್ಲ. ಮೂಲ ಆಟದ ಸ್ಟಾರ್‌ಸ್ಕರ್ಜ್ ರಡಾನ್ ಮತ್ತು ರಕ್ತದ ಒಡೆಯ ಮೋಗ್ ಇಬ್ಬರನ್ನೂ ಸೋಲಿಸಿ, ಮೋಗ್‌ನ ಅರಮನೆಯಲ್ಲಿರುವ ಗೂಡಿನಿಂದ ಹೊರಚಾಚಿದ ಬಾಡಿದ ಕೈಯನ್ನು ಮುಟ್ಟಿದವರಿಗಷ್ಟೇ ವಿಸ್ತರಣೆ ನಡೆಯುವ ಛಾಯಾಲೋಕದ ದಾರಿ ತೆರೆಯುತ್ತಿತ್ತು. ಈ ಷರತ್ತು ಕಥೆಗೆ ಬೇಕಾಗಿತ್ತು ಎಂಬುದು ಕೊನೆಯಲ್ಲಿ ತಿಳಿಯುತ್ತದೆ, ಏಕೆಂದರೆ ಅಂತಿಮ ಬಾಸ್ ಆಗಿ ಎದ್ದು ಬರುವವನು ರಡಾನ್‌ನ ಆತ್ಮವನ್ನು ಮೋಗ್‌ನ ದೇಹದಲ್ಲಿ ಹೊತ್ತವನು. ವಿನ್ಯಾಸದ ದೃಷ್ಟಿಯಿಂದ ಇದರ ಪರಿಣಾಮ ಬೇರೆಯದೇ ಆಗಿತ್ತು: ಒಳಗೆ ಬಂದ ಪ್ರತಿಯೊಬ್ಬರೂ ಪಳಗಿದವರು, ಅನೇಕರು ನೂರೈವತ್ತಕ್ಕೂ ಮಿಕ್ಕಿದ ಲೆವೆಲ್‌ನಲ್ಲಿದ್ದವರು, ಒಂದಲ್ಲ ಒಂದು ಬಿಲ್ಡನ್ನು (ಪಾತ್ರದ ಶಕ್ತಿ, ಆಯುಧಗಳ ಜೋಡಣೆಯನ್ನು) ಪೂರ್ತಿ ಕಟ್ಟಿಕೊಂಡವರು. ಅಂಥವರಿಗೆ ಮತ್ತೆ ಸೋಲಿನ ರುಚಿ ತೋರಿಸುವುದು ಹೇಗೆ ಎಂಬುದು ತಯಾರಕರ ಮುಂದಿದ್ದ ಮೊದಲ ಸಮಸ್ಯೆ.

ಅದಕ್ಕೆ ಅವರು ಕಂಡುಕೊಂಡ ಉತ್ತರ ಸ್ಕಾಡುಟ್ರೀ ಅನುಗ್ರಹ. ಛಾಯಾಲೋಕದೊಳಗೆ ಮಾತ್ರ ಕೆಲಸ ಮಾಡುವ ಈ ವ್ಯವಸ್ಥೆಯಲ್ಲಿ ಆಟಗಾರನ ಹೊಡೆತದ ಬಲ ಮತ್ತು ತಾಳುವ ಶಕ್ತಿ ಎರಡೂ ಏರುವುದು ಸ್ಕಾಡುಟ್ರೀ ತುಣುಕುಗಳಿಂದ. ಒಟ್ಟು 50 ತುಣುಕು ಕೂಡಿಸಿದರೆ ಅನುಗ್ರಹ 20ನೇ ಮಟ್ಟ ತಲುಪಿ ಪೂರ್ಣವಾಗುತ್ತದೆ. ಶತ್ರುಗಳನ್ನು ಕೊಂದು ರೂನ್ ಗಳಿಸಿ ಲೆವೆಲ್ ಏರಿಸುವ ಹಳೆಯ ದಾರಿ ಇಲ್ಲಿ ಹೆಚ್ಚು ದೂರ ಒಯ್ಯುವುದಿಲ್ಲ. ತುಣುಕುಗಳು ಇರುವುದು, ಛಾಯಾಲೋಕಕ್ಕೆ ನಮಗಿಂತ ಮೊದಲೇ ಬಂದ ದೇವಪುತ್ರ ಮಿಕೆಲ್ಲಾ ನೆಟ್ಟುಹೋದ ಶಿಲುಬೆಗಳ ಬುಡದಲ್ಲಿ, ಪಾಳುಬಿದ್ದ ಚರ್ಚುಗಳಲ್ಲಿ, ದಾರಿ ಬಿಟ್ಟು ನಡೆದರೆ ಸಿಗುವ ಮೂಲೆಗಳಲ್ಲಿ, ಮಡಕೆ ಹೊತ್ತು ಸುಮ್ಮನೆ ನಿಂತ ಛಾಯಾಮೂರ್ತಿಗಳ ಬಳಿ. ಅಂದರೆ ಸುತ್ತಾಡಿದಷ್ಟೂ ಬಲ. ಈ ಯೋಚನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಾಸ್ ಮುಂದೆ ತಲೆ ಚಚ್ಚಿಕೊಂಡು ಕೂರುವ ಬದಲು ಎದ್ದು ಹೋಗಿ ನೆಲವನ್ನು ನೋಡು ಎಂದು ಆಟವೇ ಹೇಳುವ ರೀತಿ ಅದು, ಮತ್ತು ಆ ನೆಲ ನೋಡಲು ಯೋಗ್ಯವಾಗಿಯೂ ಇದೆ.

ಆದರೆ ಹೇಳಿದ್ದು ಎಲ್ಲರ ಕಿವಿಗೂ ಬೀಳಲಿಲ್ಲ. ನೇರವಾಗಿ ಮುಂದಿನ ಬಾಸ್‌ನತ್ತ ಓಡುವ ಅಭ್ಯಾಸವಿದ್ದವರು ಎರಡು ಮೂರು ತುಣುಕುಗಳಲ್ಲೇ ಕೋಟೆಯ ಬಾಗಿಲು ತಟ್ಟಿ, ಎರಡೇ ಏಟಿಗೆ ನೆಲ ಕಚ್ಚಿದರು. ಮೊದಲ ವಾರಾಂತ್ಯದಲ್ಲಿ ಪಿಸಿ ಆಟಗಳ ಮಾರಾಟತಾಣವಾದ ಸ್ಟೀಮ್‌ನಲ್ಲಿ ವಿಸ್ತರಣೆಯ ಬಳಕೆದಾರರ ವಿಮರ್ಶೆಗಳು ‘ಮಿಶ್ರ’ ಎಂಬ ದರ್ಜೆಗೆ ಇಳಿದವು. ಅತಿ ಕಠಿಣತೆ ಒಂದು ದೂರಾದರೆ, ಪಿಸಿಯಲ್ಲಿ ಆಟ ತಡವರಿಸುತ್ತದೆ ಎಂಬುದು ಇನ್ನೊಂದು. ಪ್ರಕಾಶಕರಾದ ಬಂದಾಯ್ ನಾಮ್ಕೊ, ತುಣುಕುಗಳನ್ನು ಬಳಸಿ ಬಲ ಹೆಚ್ಚಿಸಿಕೊಳ್ಳಬಹುದು ಎಂದು ಆಟಗಾರರಿಗೆ ಬಹಿರಂಗವಾಗಿ ನೆನಪಿಸಬೇಕಾಯಿತು. ಬಿಡುಗಡೆಯಾದ ಒಂದು ವಾರದೊಳಗೆ ಬಂದ 1.12.2ನೇ ತಿದ್ದುಪಡಿ ಅನುಗ್ರಹದ ಏರಿಕೆಯ ರೇಖೆಯನ್ನೇ ಬದಲಿಸಿತು: ಮೊದಲರ್ಧದ ಮಟ್ಟಗಳಲ್ಲಿ ಸಿಗುವ ಬಲ ಹೆಚ್ಚಿತು, ಉಳಿದರ್ಧದ ಏರಿಕೆ ನಿಧಾನವಾಯಿತು, ಕೊನೆಯ ಮಟ್ಟಕ್ಕೆ ಸ್ವಲ್ಪ ಹೆಚ್ಚಿನ ಬಲ ಸೇರಿತು.

ಈ ಮೊದಲ ತಿದ್ದುಪಡಿಯನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಆಗ ತಯಾರಕರು ಯಾವ ಬಾಸ್‌ನ ಚಲನೆಯನ್ನೂ ಮುಟ್ಟದೆ, ಸಂಖ್ಯೆಯನ್ನು ಮಾತ್ರ ತಿದ್ದಿದರು. ಅಷ್ಟರಿಂದ ದಾರಿಯ ಬಹುತೇಕ ಕಾಳಗಗಳ ಬಗೆಗಿನ ಗೊಣಗಾಟ ಕಡಿಮೆಯೂ ಆಯಿತು. ರಡಾನ್ ವಿಷಯದಲ್ಲಿ ಮಾತ್ರ ಅದು ಕೆಲಸ ಮಾಡಲಿಲ್ಲ. 20ನೇ ಮಟ್ಟದ ಅನುಗ್ರಹವಿದ್ದವರೂ, ಅಂದರೆ ಆಟ ಕೇಳಿದ್ದನ್ನೆಲ್ಲ ಮಾಡಿ ಬಂದವರೂ, ಅದೇ ದೂರನ್ನು ಹೇಳುತ್ತಿದ್ದರು. ಹೊಡೆತದ ತೂಕವನ್ನು ಎಷ್ಟು ತಗ್ಗಿಸಿದರೂ ಉಳಿಯುವ ತೊಂದರೆಯೊಂದು ಅಲ್ಲಿತ್ತು.

ಮೆಸ್ಮರ್ ಕಲಿಸುವ ಪಾಠ

ಆ ತೊಂದರೆ ಏನೆಂದು ತಿಳಿಯಲು ಮೊದಲು ಅದಿಲ್ಲದ ಕಾಳಗವೊಂದನ್ನು ನೋಡಬೇಕು. ಛಾಯಾಕೋಟೆಯ ಒಡೆಯ ಮೆಸ್ಮರ್ ನನ್ನ ಮಟ್ಟಿಗೆ ಈ ವಿಸ್ತರಣೆಯ ಅತ್ಯುತ್ತಮ ಬಾಸ್. ಬೇಯ್ಲ್ ಎಂಬ ಡ್ರ್ಯಾಗನ್‌ನ ಕಾಳಗ ಇದಕ್ಕಿಂತ ಅಬ್ಬರದ್ದು, ಮಿದ್ರಾನದು ಇದಕ್ಕಿಂತ ವಿಷಾದದ್ದು. ಆದರೆ ಕಟ್ಟಡದ ಬಿಗಿಯಲ್ಲಿ ಮೆಸ್ಮರ್‌ಗೆ ಸಾಟಿಯಿಲ್ಲ.

ಈ ಬಗೆಯ ಆಟಗಳಲ್ಲಿ ಪ್ರತಿಯೊಂದು ಆಕ್ರಮಣಕ್ಕೂ ಮೂರು ಘಟ್ಟಗಳಿರುತ್ತವೆ: ಮುನ್ಸೂಚನೆ, ಪ್ರಹಾರ, ಬಿಡುವು. ಮುನ್ಸೂಚನೆಯಲ್ಲಿ ಬಾಸ್‌ನ ಮೈ ಮಾತಾಡುತ್ತದೆ. ಭುಜ ಹಿಂದಕ್ಕೆ ಸರಿಯುತ್ತದೆ, ಆಯುಧ ಮೇಲೇಳುತ್ತದೆ, ಒಂದು ಸದ್ದು ಹೊರಡುತ್ತದೆ. ಪ್ರಹಾರದ ಹೊತ್ತಿಗೆ ಆಟಗಾರ ತನ್ನ ಉತ್ತರವನ್ನು ಕೊಟ್ಟಾಗಿರಬೇಕು. ಆ ಉತ್ತರ ಸಾಮಾನ್ಯವಾಗಿ ಒಂದು ರೋಲ್, ಅಂದರೆ ಉರುಳಿ ಏಟು ತಪ್ಪಿಸಿಕೊಳ್ಳುವುದು. ರೋಲ್‌ನ ಆರಂಭದ ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಯಾವ ಏಟೂ ತಾಗುವುದಿಲ್ಲ, ಅದು ಮುಗಿದ ಮೇಲೆ ಆಟಗಾರನ ಪಾತ್ರ ಎದ್ದು ನಿಲ್ಲಲು ಒಂದಿಷ್ಟು ಸಮಯ ಬೇಕಾಗುತ್ತದೆ. ಬಿಡುವು ಎಂದರೆ ಬಾಸ್‌ನ ಕೈ ಬರಿದಾಗುವ ಗಳಿಗೆ, ಆಟಗಾರ ತಿರುಗಿ ಹೊಡೆಯುವ ಸರದಿ. ಸೋತವನು ತಾನು ಈ ಮೂರರಲ್ಲಿ ಎಲ್ಲಿ ತಪ್ಪಿದೆ ಎಂದು ಹೇಳಬಲ್ಲವನಾದರೆ ಆ ಸಾವು ವ್ಯರ್ಥವಾಗಲಿಲ್ಲ. ‘ಬೇಗ ರೋಲ್ ಮಾಡಿಬಿಟ್ಟೆ’, ‘ಬಲಕ್ಕೆ ಹೋಗಬೇಕಿತ್ತು’, ‘ಆಸೆಬಿದ್ದು ಇನ್ನೊಂದು ಏಟು ಹಾಕಲು ಹೋದೆ’ ಎಂದು ಆಟಗಾರರು ತಮ್ಮಷ್ಟಕ್ಕೆ ಗೊಣಗಿಕೊಳ್ಳುವುದೆಲ್ಲ ಈ ಓದಿನ ಭಾಷೆಯೇ.

ಮೆಸ್ಮರ್ ಕಾಳಗ ಶುರುವಾಗುವುದೇ ಒಂದು ದೊಡ್ಡ ಜಿಗಿತದಿಂದ. ಆತ ಮೇಲೆ ಹಾರಿ, ಬೆಂಕಿ ತುಂಬಿದ ಕೈಯನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ಮೊದಲ ಸಲ ಬಹುತೇಕರಿಗೆ ಇದು ತಗಲುತ್ತದೆ. ಎರಡನೆಯ ಸಲಕ್ಕೆ ಬೆಂಕಿ ಎಲ್ಲಿ ಕೂಡುತ್ತದೆ, ಕೈ ಯಾವಾಗ ಕೆಳಗಿಳಿಯುತ್ತದೆ ಎಂಬುದು ಕಣ್ಣಿಗೆ ಕೂತಿರುತ್ತದೆ. ಅವನ ಭರ್ಜಿಯ ಸರಣಿಗಳು ಉದ್ದವಾದವು, ಕೆಲವು ಬೇಕೆಂದೇ ತಡಮಾಡಿ ಇಳಿಯುವಂಥವು. ಹಾಗಿದ್ದರೂ ಪ್ರತಿ ಸರಣಿಗೂ ಒಂದು ಲಯವಿದೆ ಮತ್ತು ಸರಣಿಯ ಕೊನೆಯ ತಿವಿತದಲ್ಲಿ ಅವನ ಇಡೀ ಮೈ ಮುಂದಕ್ಕೆ ಬಾಗಿ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಹೆದರಿ ಹಿಂದೆ ಸರಿದರೆ ಭರ್ಜಿಯ ಉದ್ದ ಹಿಡಿದುಬಿಡುತ್ತದೆ. ಧೈರ್ಯ ಮಾಡಿ ಅವನತ್ತಲೇ ಉರುಳಿದರೆ ಭರ್ಜಿ ಬೆನ್ನ ಹಿಂದೆ ಹಾದು ಹೋಗಿ, ಎದುರಿಗೆ ಅವನ ಪಕ್ಕೆ ತೆರೆದಿರುತ್ತದೆ. ಇದನ್ನು ಯಾವ ಸೂಚನಾಫಲಕವೂ ಹೇಳುವುದಿಲ್ಲ. ಹತ್ತಾರು ಸಲ ಸತ್ತ ಮೇಲೆ ಕೈಗೇ ಗೊತ್ತಾಗುತ್ತದೆ.

ಎರಡನೆಯ ಹಂತಕ್ಕೆ ಮುನ್ನ ಮೆಸ್ಮರ್ ತನ್ನ ಕಣ್ಣಿನಲ್ಲಿ ಅಡಗಿಸಿಟ್ಟ ಮುದ್ರೆಯನ್ನು ತಾನೇ ಕಿತ್ತು ಹಿಸುಕುತ್ತಾನೆ, ಆಗ ಒಳಗಿದ್ದ ಸರ್ಪ ಹೊರಬರುತ್ತದೆ. ಆನಂತರದ ಸರ್ಪದ ಆಕ್ರಮಣಗಳು ಹೊಸವು, ಆದರೆ ಮೊದಲ ಹಂತದಲ್ಲಿ ಕಲಿತ ಯಾವುದೂ ಸುಳ್ಳಾಗುವುದಿಲ್ಲ. ಹಳೆಯ ಲಯದ ಮೇಲೆ ಹೊಸ ಪದರ ಬಂದು ಕೂರುತ್ತದೆ, ಅಷ್ಟೆ. ಕಠಿಣತೆ ಹೆಚ್ಚಿದರೂ ಮೊದಲ ಹಂತದ ಓದು ಅಲ್ಲಿಯೂ ಕೈ ಹಿಡಿಯುತ್ತದೆ.

ದೈವದ್ವಾರದ ಮುಂದೆ

ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ವಿಸ್ತರಣೆಯ ಕೊನೆಯ ತಾಣವಾದ ಎನಿರ್-ಇಲಿಮ್‌ನ ತುದಿಗೆ ಬರೋಣ. ದೈವದ್ವಾರದ ಮುಂದಿನ ಅಂಗಳ ವಿಶಾಲವಾಗಿದೆ, ನೆಲ ಸಮತಟ್ಟಾಗಿದೆ, ಸತ್ತ ಮೇಲೆ ಮತ್ತೆ ಬಂದು ಸೇರುವ ದಾರಿಯೂ ಚಿಕ್ಕದು. ಇಷ್ಟರ ಮಟ್ಟಿಗೆ ವಿನ್ಯಾಸಕಾರರು ಆಟಗಾರನ ಸಮಯಕ್ಕೆ ಬೆಲೆ ಕೊಟ್ಟಿದ್ದಾರೆ. ಅಂಗಳದ ಆ ಬದಿಯಿಂದ ಎರಡು ಭಾರಿ ಖಡ್ಗ ಹಿಡಿದ ರಡಾನ್ ಬರುತ್ತಾನೆ. ಮೂಲ ಆಟದಲ್ಲಿ ಮತಿಗೆಟ್ಟು, ಮರಳುಗಾಡಿನಲ್ಲಿ ಬಡಕಲು ಕುದುರೆಯೊಂದರ ಮೇಲೆ ಅಲೆಯುತ್ತಿದ್ದ ಆ ಸೇನಾನಿ ಇಲ್ಲಿ ಸ್ವಸ್ಥನಾಗಿ, ಯೌವನದ ಬಲದಲ್ಲಿ ನಿಂತಿರುವುದನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. ಆ ನೋಟದ ಭವ್ಯತೆಯನ್ನು ನಾನು ಯಾವತ್ತೂ ಅಲ್ಲಗಳೆಯಲಾರೆ.

ಪ್ಯಾಚ್‌ಗೆ ಮುಂಚೆ, ಆ ನೋಟವನ್ನು ತುಂಬಿಕೊಳ್ಳಲು ಸಮಯವೇ ಸಿಗುತ್ತಿರಲಿಲ್ಲ. ಆಟಗಾರ ಒಳಗೆ ಹೆಜ್ಜೆಯಿಡುತ್ತಿದ್ದಂತೆ ರಡಾನ್ ಗುರುತ್ವದ ಬಲದಿಂದ ಅಂಗಳದ ಉದ್ದಕ್ಕೂ ಹಾರಿ ಬಂದು ಮೈಮೇಲೆ ಬೀಳುತ್ತಿದ್ದ. ಜೊತೆಗೆ ಹೋರಾಡಲು ಕರೆಯಬಹುದಾದ ಆನ್ಸ್‌ಬಾಖ್, ತಿಯೋಲಿಯರ್ ಅಥವಾ ಚಿತಾಭಸ್ಮದ ಆತ್ಮಗಳನ್ನು ನೆಚ್ಚಿಕೊಂಡವರಿಗೆ ಇದು ಮೊದಲ ಪೆಟ್ಟು, ಏಕೆಂದರೆ ಆತ್ಮವನ್ನು ಕರೆಯುವ ಮುದ್ರೆ ಮುಗಿಯುವ ಮೊದಲೇ ಖಡ್ಗ ತಲೆಯ ಮೇಲಿರುತ್ತಿತ್ತು. ಇದನ್ನಾದರೂ ಕಲಿಯಬಹುದಿತ್ತು, ಮೆಸ್ಮರ್‌ನ ಜಿಗಿತವನ್ನು ಕಲಿತಂತೆ ಇದನ್ನೂ ಕಲಿತವರಿದ್ದರು.

ನಿಜವಾದ ಗಂಟು ಇದ್ದದ್ದು ಒಂದು ಮೂರು ಏಟಿನ ಕಾಂಬೋದಲ್ಲಿ, ಅಂದರೆ ಒಂದರ ಬೆನ್ನಿಗೊಂದು ಬರುವ ಏಟುಗಳ ಸರಣಿಯಲ್ಲಿ. ಒಂದು ಕೈಯ ಖಡ್ಗದಿಂದ ಬೀಸು, ಕೂಡಲೇ ಇನ್ನೊಂದು ಕೈಯಿಂದ ಬೀಸು, ಅದರ ಬೆನ್ನಿಗೇ ಎರಡೂ ಖಡ್ಗಗಳನ್ನು ಕತ್ತರಿಯಂತೆ ಅಡ್ಡಹಾಯಿಸಿ ಒಂದು ಸೀಳು. ನನ್ನ ಆಟದ ಮುದ್ರಿಕೆಯನ್ನು ನಿಧಾನಗತಿಯಲ್ಲಿ ಹಾಕಿಕೊಂಡು ಈ ಮೂರು ಏಟುಗಳನ್ನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲನೆಯ ಬೀಸಿಗೆ ರೋಲ್ ಮಾಡಿದರೆ ತಪ್ಪಿಸಿಕೊಳ್ಳಬಹುದು. ಎರಡನೆಯದಕ್ಕೂ ಸರಿಯಾದ ಗಳಿಗೆಯಲ್ಲಿ ಉರುಳಿದರೆ ಉಳಿಯಬಹುದು. ಆದರೆ ಎರಡನೆಯ ರೋಲ್‌ನಿಂದ ಪಾತ್ರ ಮೇಲೇಳುತ್ತಿರುವಾಗಲೇ, ಮೂರನೆಯ ರೋಲ್‌ಗೆ ಒತ್ತಿದ ಗುಂಡಿ ಇನ್ನೂ ಫಲ ಕೊಡುವ ಮೊದಲೇ, ಕತ್ತರಿ ಏಟು ಬಂದು ಮೈಗೆ ಮುಟ್ಟಿರುತ್ತಿತ್ತು. ಮುನ್ಸೂಚನೆ ಕಾಣಿಸಿತ್ತು, ಅದರ ಅರ್ಥವೂ ಆಗಿತ್ತು, ಬೆರಳು ಕೂಡ ತಕ್ಕ ಸಮಯಕ್ಕೆ ಗುಂಡಿ ಒತ್ತಿತ್ತು. ಉತ್ತರ ಕೊಡಲು ಮಾತ್ರ ಜಾಗವಿರಲಿಲ್ಲ. ಅದರಿಂದ ಪಾರಾಗುವ ಉಪಾಯಗಳು ಇದ್ದವು. ಮೊದಲ ಬೀಸಿಗೂ ಮುನ್ನ ಅವನ ಒಂದು ನಿರ್ದಿಷ್ಟ ಪಕ್ಕಕ್ಕೆ ಸರಿದುಕೊಂಡಿರುವುದು, ಹಗುರ ಸಜ್ಜಿನಲ್ಲಿ ಬರುವುದು, ಗುರಾಣಿ ಎತ್ತುವುದು, ಇಲ್ಲವೇ ಕಾಂಬೋ ಹೊರಡುವ ದೂರಕ್ಕೇ ಸಿಗದಿರುವುದು. ಈ ಎಲ್ಲ ಉಪಾಯಗಳಿಗೂ ಒಂದು ಸಮಾನ ಗುಣವಿತ್ತು: ಏಟು ಶುರುವಾಗುವುದಕ್ಕೆ ಮುಂಚೆಯೇ ಆಟಗಾರ ನಿರ್ಧಾರ ಮಾಡಿರಬೇಕಿತ್ತು. ಕಂಡದ್ದಕ್ಕೆ ಪ್ರತಿಕ್ರಿಯಿಸುವುದನ್ನು ಹತ್ತಾರು ಗಂಟೆಗಳ ಕಾಲ ಕಲಿಸಿದ ಆಟವೊಂದು ತನ್ನ ಕಟ್ಟಕಡೆಯ ಪರೀಕ್ಷೆಯಲ್ಲಿ, ಕಾಣುವ ಮೊದಲೇ ಊಹಿಸು ಎಂದು ಕೇಳತೊಡಗಿತ್ತು.

ಇಲ್ಲಿ ಮೂಲ ಆಟದ ಬಾಸ್ ಮಲೇನಿಯಾಳ ಪ್ರಸಿದ್ಧ ಆಕ್ರಮಣ ‘ವಾಟರ್‌ಫೌಲ್ ಡ್ಯಾನ್ಸ್’ ಅನ್ನು ಹೋಲಿಸದೆ ಮುಂದೆ ಹೋಗಲಾಗದು, ಏಕೆಂದರೆ ಅದೂ ಅನ್ಯಾಯವೇ ಎಂದು ವಾದಿಸುವವರು ಬಹಳ. ಆ ಆಕ್ರಮಣವನ್ನು ತಪ್ಪಿಸಿಕೊಳ್ಳುವುದು ನಿಜಕ್ಕೂ ಕಬ್ಬಿಣದ ಕಡಲೆ. ಆದರೂ ಅದಕ್ಕೆ ಮುನ್ನ ಮಲೇನಿಯಾ ಗಾಳಿಯಲ್ಲಿ ಎದ್ದು, ಕತ್ತಿಯನ್ನು ಹಿಂದಕ್ಕೆಳೆದು, ಒಂದು ಕ್ಷಣ ಅಲ್ಲೇ ತಡೆದು ನಿಲ್ಲುತ್ತಾಳೆ. ಆ ತಡೆ ಆಟಗಾರನಿಗೆ ಕೊಟ್ಟ ಕಾಲಾವಕಾಶ. ದೂರವಿದ್ದರೆ ಓಡಬೇಕು, ಹತ್ತಿರವಿದ್ದರೆ ಬೇರೆ ದಾರಿ ಹುಡುಕಬೇಕು ಎಂಬ ತೀರ್ಮಾನಕ್ಕೆ ಅಷ್ಟು ಹೊತ್ತು ಸಿಗುತ್ತದೆ. ಅಲ್ಲಿ ಉತ್ತರ ಕಷ್ಟದ್ದು, ಪ್ರಶ್ನೆ ಸ್ಪಷ್ಟ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನಾನು ಭಾವಿಸುತ್ತೇನೆ.

ರಡಾನ್‌ನ ಎರಡನೆಯ ಹಂತದಲ್ಲಿ ಮಿಕೆಲ್ಲಾ ಇಳಿದು ಬಂದು ಅವನ ಬೆನ್ನೇರುತ್ತಾನೆ. ಆ ಗಳಿಗೆಯಿಂದ ಖಡ್ಗದ ಬಹುತೇಕ ಬೀಸುಗಳ ಹಿಂದೆ ಬೆಳಕಿನ ಕಂಬಗಳು ನೆಲದಿಂದೇಳುತ್ತವೆ. ಮಿಕೆಲ್ಲಾನ ಉದ್ದನೆಯ ಹೊಂಬಣ್ಣದ ಕೂದಲು ರಡಾನ್‌ನ ಭುಜ, ತೋಳುಗಳ ಮೇಲೆಲ್ಲ ಇಳಿಬಿದ್ದಿರುತ್ತದೆ. ಮುನ್ಸೂಚನೆ ಬರುವುದು ಭುಜದಿಂದ ಎಂದು ಮೇಲೆ ಹೇಳಿದೆ. ಇಲ್ಲಿ ಆ ಭುಜವೇ ಮುಚ್ಚಿಹೋಗುತ್ತದೆ. ಬೀಸಿದ ಖಡ್ಗವನ್ನು ತಪ್ಪಿಸಿಕೊಂಡ ಆಟಗಾರನ ಮುಂದೆ ಪರದೆ ಬೆಳ್ಳಗಾಗಿ, ಆ ಬಿಳುಪಿನ ಒಳಗೆ ಮುಂದಿನ ಬೀಸಿನ ಆರಂಭ ಅಡಗಿರುತ್ತಿತ್ತು. ಲಾಕ್-ಆನ್ ಹಾಕಿಕೊಂಡು (ಕ್ಯಾಮೆರಾ ಸದಾ ಶತ್ರುವಿನತ್ತಲೇ ತಿರುಗಿರುವಂತೆ ಮಾಡಿಕೊಂಡು) ಹತ್ತಿರ ನಿಂತವರಿಗೆ ಪರದೆಯ ಅರ್ಧ ಭಾಗ ಕೂದಲು, ಇನ್ನರ್ಧ ಬೆಳಕು. ರಡಾನ್ ತನ್ನ ಬೆಳಕಿನ ಪ್ರತಿರೂಪಗಳನ್ನು ಸಾಲಾಗಿ ಬಿಟ್ಟುಕೊಂಡು ಹಾಯುವ ಆಕ್ರಮಣವೂ ಇದೇ ಹಂತದ್ದು. ವಿಚಿತ್ರವೆಂದರೆ ನೋಡಲು ಅತ್ಯಂತ ಗೊಂದಲದ್ದಾದ ಅದು, ಒಂದಷ್ಟು ಅಭ್ಯಾಸದ ನಂತರ ಅತ್ಯಂತ ಸುಲಭವಾಗಿ ಓದಿಸಿಕೊಳ್ಳುತ್ತದೆ, ಏಕೆಂದರೆ ಅದರ ಲಯ ಎಂದೂ ಬದಲಾಗುವುದಿಲ್ಲ.

ಆಟಗಾರರು ಏನು ಮಾಡಿದರು

ಓದಲು ಬಾರದ್ದನ್ನು ಎದುರಿಸುವವರು ಓದುವುದನ್ನೇ ಬಿಟ್ಟುಬಿಡುತ್ತಾರೆ. ಆ 82 ದಿನಗಳಲ್ಲಿ ಬಹಳ ಹರಡಿದ ತಂತ್ರವೆಂದರೆ ಅತಿ ಭಾರದ ಗುರಾಣಿಯೊಂದರ ಹಿಂದೆ ಅವಿತು, ಗುರಾಣಿ ಇಳಿಸದೆಯೇ ಈಟಿಯಿಂದಲೋ ಮೊನಚು ಕತ್ತಿಯಿಂದಲೋ ಚುಚ್ಚುತ್ತ, ರಕ್ತಸ್ರಾವ ಅಥವಾ ಕೊಳೆರೋಗ ಕೆಲಸ ಮಾಡುವವರೆಗೆ ಕಾಯುವುದು. ಅದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಗುರಾಣಿ ಆಟದಲ್ಲಿ ಇರುವುದೇ ಬಳಸಲಿಕ್ಕೆ. ವಿಸ್ತರಣೆಯೇ ತಂದ ‘ಡಿಫ್ಲೆಕ್ಟಿಂಗ್ ಹಾರ್ಡ್‌ಟಿಯರ್’ ಎಂಬ ಹರಳು ಸರಿಯಾದ ಗಳಿಗೆಯಲ್ಲಿ ಏಟನ್ನು ತಡೆಯುವವರಿಗೆ ಒಂದು ಹೊಸ ಬಗೆಯ ಓದನ್ನೇ ತೆರೆದುಕೊಟ್ಟಿತ್ತು. ಆದರೆ ಹತ್ತಾರು ಬಗೆಯ ಬಿಲ್ಡ್‌ಗಳಿಗೆ ಅವಕಾಶ ಮಾಡಿಕೊಡುವುದೇ ತನ್ನ ಹೆಮ್ಮೆಯೆಂದು ಕಟ್ಟಿದ ಆಟದಲ್ಲಿ, ತಮ್ಮ ನೆಚ್ಚಿನ ಬಿಲ್ಡನ್ನು ಮೂಲೆಗಿಟ್ಟು ಎಲ್ಲರೂ ಒಂದೇ ಗುರಾಣಿಯ ಹಿಂದೆ ಬಂದು ನಿಂತರೆ, ಆ ಬಾಸ್ ಆಟದ ಉಳಿದ ಭಾಗದೊಂದಿಗೆ ಹೊಂದಿಕೊಂಡಿಲ್ಲ ಎಂದೇ ಅರ್ಥ. ಮಂತ್ರವಾದಿಯಾಗಿ ನೂರು ಗಂಟೆ ಆಡಿದವನೊಬ್ಬ ಕಟ್ಟಕಡೆಯ ಕಾಳಗಕ್ಕಾಗಿ ತನ್ನ ಅಂಕಗಳನ್ನೆಲ್ಲ ಮರುಹಂಚಿಕೆ ಮಾಡಿ ಭಟನಾಗಬೇಕಾದರೆ, ಅವನ ನೂರು ಗಂಟೆಗಳಿಗೆ ಆ ಕಾಳಗದಲ್ಲಿ ಬೆಲೆಯಿರಲಿಲ್ಲ.

ಇನ್ನೊಂದು ಬದಿಯಲ್ಲಿ, ಒಂದೂ ಏಟು ತಿನ್ನದೆ, ಗುರಾಣಿಯಿಲ್ಲದೆ ಅವನನ್ನು ಸೋಲಿಸಿ ಅದರ ವೀಡಿಯೊ ಹಾಕಿದವರಿದ್ದರು. ‘ಸಾಧ್ಯವಿದೆ ಎಂದ ಮೇಲೆ ದೂರೇಕೆ’ ಎಂಬ ವಾದ ಹುಟ್ಟಿದ್ದು ಅಲ್ಲಿ. ಅವರ ಕೌಶಲಕ್ಕೆ ನಾನು ತಲೆಬಾಗುತ್ತೇನೆ, ಆದರೆ ವಾದವನ್ನು ಒಪ್ಪಲಾರೆ. ಆ ವೀಡಿಯೊಗಳನ್ನು ಗಮನವಿಟ್ಟು ನೋಡಿದರೆ ಅವರೂ ಕತ್ತರಿ ಏಟಿಗೆ ಪ್ರತಿಕ್ರಿಯಿಸುತ್ತಿರಲಿಲ್ಲ. ಆ ಕಾಂಬೋ ಹೊರಡಬಹುದಾದ ಜಾಗದಲ್ಲಿ ನಿಲ್ಲದಂತೆ ಇಡೀ ಕಾಳಗದ ಉದ್ದಕ್ಕೂ ನೋಡಿಕೊಳ್ಳುತ್ತಿದ್ದರು. ದೋಷ ಎಲ್ಲಿದೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ.

ಕಥೆಯ ಬಗ್ಗೆಯೂ ಅಸಮಾಧಾನವಿತ್ತು. ಒಮ್ಮೆ ಸೋಲಿಸಿದವನೇ ಮತ್ತೆ ಕೊನೆಯ ಬಾಸ್ ಆಗಿ ಬಂದದ್ದು ಹಲವರಿಗೆ ಹಿಡಿಸಲಿಲ್ಲ. ಅದು ಬೇರೆಯೇ ಚರ್ಚೆ. ಕಥೆ ಹಿಡಿಸದಿರುವ ಕಾರಣಕ್ಕೆ ಕಾಳಗವನ್ನೂ ಹಳಿದವರ ಮಾತನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

1.14ರ ತಿದ್ದುಪಡಿ

ಸೆಪ್ಟೆಂಬರ್ 11ರ ಪ್ಯಾಚ್‌ನ ಟಿಪ್ಪಣಿ ರಡಾನ್ ಕುರಿತು ಆರು ಬದಲಾವಣೆಗಳನ್ನು ಹೇಳಿತು: ಕಾಳಗ ಶುರುವಾಗುವಾಗಿನ ಅವನ ವರ್ತನೆ ಬದಲಾಗಿದೆ, ಕೆಲವು ಆಕ್ರಮಣಗಳ ಚಲನೆಯನ್ನು ಸರಿಪಡಿಸಲಾಗಿದೆ, ಕೆಲವು ಏಟುಗಳ ಹಾನಿ ತಗ್ಗಿದೆ, ಆಯುಧದ ಹೊರತಾದ ಕೆಲವು ಆಕ್ರಮಣಗಳ ವ್ಯಾಪ್ತಿ ಕಿರಿದಾಗಿದೆ, ಕೆಲವು ಏಟುಗಳು ಆಟಗಾರನ ಸ್ಟ್ಯಾಮಿನಾವನ್ನು (ಉರುಳಲು, ಏಟು ತಡೆಯಲು ಬೇಕಾದ ದಮ್ಮನ್ನು) ಕರಗಿಸುವ ಪ್ರಮಾಣ ಕಡಿಮೆಯಾಗಿದೆ, ಕೆಲವು ಆಕ್ರಮಣಗಳ ದೃಶ್ಯ ಪರಿಣಾಮಗಳು ಹೆಚ್ಚು ಸ್ಪಷ್ಟವಾಗಿ ಕಾಣುವಂತಾಗಿವೆ.

ಈ ಆರರಲ್ಲಿ ಹಾನಿ, ವ್ಯಾಪ್ತಿ ಮತ್ತು ಸ್ಟ್ಯಾಮಿನಾದ ಬದಲಾವಣೆಗಳು ಲೆಕ್ಕಾಚಾರಕ್ಕೆ ಸೇರಿದವು, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಟ್ಯಾಮಿನಾದ ಅಂಶ ಗುರಾಣಿ ಹಿಡಿದವರಿಗೂ ಅನುಕೂಲ ಮಾಡಿಕೊಟ್ಟಿತು ಎಂಬುದನ್ನು ಗಮನಿಸಬೇಕು, ಏಕೆಂದರೆ ಗುರಾಣಿಯ ತಂತ್ರವನ್ನು ಶಿಕ್ಷಿಸುವ ಉದ್ದೇಶ ತಯಾರಕರಿಗೆ ಇರಲಿಲ್ಲ ಎಂದು ಅದರಿಂದ ತಿಳಿಯುತ್ತದೆ. ಉಳಿದ ಮೂರು ಬದಲಾವಣೆಗಳು ಓದಿಗೆ ಸಂಬಂಧಿಸಿದವು, ಪ್ರಕರಣದ ಹುರುಳಿರುವುದು ಅಲ್ಲಿಯೇ.

ಪ್ಯಾಚ್‌ನ ನಂತರ ಅಂಗಳಕ್ಕೆ ಕಾಲಿಟ್ಟಾಗ ರಡಾನ್ ಮೈಮೇಲೆ ಬೀಳುವ ಮೊದಲು ಒಂದಿಷ್ಟು ಉಸಿರು ಬಿಡುವಷ್ಟು ಸಮಯ ಸಿಗುತ್ತದೆ. ಆ ಮೂರು ಏಟಿನ ಕಾಂಬೋ ಈಗಲೂ ಇದೆ, ಅದೇ ಕ್ರಮದಲ್ಲಿದೆ, ಏಟು ಬಿದ್ದರೆ ಈಗಲೂ ಜೀವದ ಪಟ್ಟಿ ಜರ್ರನೆ ಇಳಿಯುತ್ತದೆ. ಎರಡನೆಯ ಬೀಸು ಮತ್ತು ಕತ್ತರಿ ಏಟಿನ ನಡುವೆ ಕಿರಿದಾದೊಂದು ತೆರಪು ಬಂದಿದೆ. ಕಣ್ಣಿಗೆ ಅದು ಕಂಡೂ ಕಾಣದಷ್ಟು ಚಿಕ್ಕದು. ಎರಡನೆಯ ರೋಲ್ ಮುಗಿಸಿ ಎದ್ದು, ಖಡ್ಗಗಳೆರಡೂ ಅಡ್ಡಹಾಯುವುದನ್ನು ನೋಡಿ, ಗುಂಡಿ ಒತ್ತಿದರೆ ಪಾತ್ರ ಉರುಳುತ್ತದೆ, ಅಷ್ಟಕ್ಕೆ ಸಾಕಾಗುವಷ್ಟು ಜಾಗ. ಮೊದಲ ಸಲ ಹಾಗೆ ಉರುಳಿ, ಕತ್ತರಿ ಏಟು ನನ್ನ ಮೇಲಿಂದ ಹಾದುಹೋಗಿ, ಎದುರಿಗೆ ರಡಾನ್‌ನ ಬರಿದಾದ ಮಗ್ಗುಲು ಕಂಡಾಗ, ಹೊಡೆಯುವುದನ್ನೂ ಮರೆತು ಒಂದು ಕ್ಷಣ ನಿಂತುಬಿಟ್ಟೆ. ಎರಡು ತಿಂಗಳು ಗೋಡೆಯಾಗಿದ್ದ ಜಾಗದಲ್ಲಿ ಬಾಗಿಲಿತ್ತು.

ಎಲ್ಡನ್ ರಿಂಗ್‌ನ ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ ಅವರು ಕಠಿಣತೆಯ ಬಗ್ಗೆ ಸಂದರ್ಶನಗಳಲ್ಲಿ ಹೇಳುತ್ತ ಬಂದಿರುವ ನಿಲುವು ಬಲು ಗಟ್ಟಿ: ಹೆಚ್ಚು ಜನರನ್ನು ಸೆಳೆಯಲು ಕಠಿಣತೆಯನ್ನು ಇಳಿಸುತ್ತ ಹೋದರೆ ಆಟ ತನ್ನ ಸ್ವಭಾವವನ್ನೇ ಕಳೆದುಕೊಳ್ಳುತ್ತದೆ. 1.14ರ ತಿದ್ದುಪಡಿ ಈ ನಿಲುವಿನಿಂದ ಹಿಂದೆ ಸರಿದದ್ದು ಎಂದು ಬೇಸರಪಟ್ಟವರಿದ್ದಾರೆ, ವಿಶೇಷವಾಗಿ ಹಳೆಯ ರಡಾನ್‌ನನ್ನು ಗೆದ್ದವರು. ಅವರ ಬೇಸರ ಸಹಜ. ತಿಂಗಳುಗಟ್ಟಲೆ ಕಷ್ಟಪಟ್ಟು ಗೆದ್ದದ್ದನ್ನು ಆಮೇಲೆ ಬಂದವರು ಬೇರೆ ಷರತ್ತಿನಲ್ಲಿ ಗೆಲ್ಲುತ್ತಾರೆ ಎಂದರೆ ಯಾರಿಗಾದರೂ ನೋವಾಗುತ್ತದೆ. ಆದರೆ ತಿದ್ದಿದ್ದು ಏನೆಂದು ನೋಡಿದರೆ ಹಿಂದೆ ಸರಿದದ್ದು ಕಾಣುವುದಿಲ್ಲ. ತಿದ್ದಿದ ಮೇಲೂ ರಡಾನ್ ವಿಸ್ತರಣೆಯ ಅತಿ ಕಠಿಣ ಬಾಸ್ ಆಗಿಯೇ ಉಳಿದಿದ್ದಾನೆ. ನಾನಂತೂ ಎರಡನೆಯ ಸಲಕ್ಕೂ ಹತ್ತಾರು ಬಾರಿ ಸತ್ತೆ. ಒಂದು ವ್ಯತ್ಯಾಸವಿತ್ತು: ಪ್ರತಿ ಸಲವೂ ಏಕೆ ಸತ್ತೆನೆಂದು ಹೇಳಲು ನನಗೆ ಸಾಧ್ಯವಿತ್ತು. ಬೇಗ ಉರುಳಿದ್ದಕ್ಕೆ, ಜೀವ ತುಂಬಿಕೊಳ್ಳಲು ಕುಡಿಯುವ ಬಾಟಲಿಗೆ ಅವಸರಪಟ್ಟದ್ದಕ್ಕೆ, ಎರಡು ಏಟಿನ ಜಾಗದಲ್ಲಿ ಮೂರು ಹಾಕಲು ಹೋದದ್ದಕ್ಕೆ. ಸಾವುಗಳ ಸಂಖ್ಯೆ ಅಷ್ಟೇನೂ ಕಡಿಮೆಯಾಗದೆ ಸಾವುಗಳ ಗುಣ ಬದಲಾಯಿತು.

ನನ್ನ ಆಕ್ಷೇಪವಿರುವುದು ತಡದ ಬಗ್ಗೆ. ಅನುಗ್ರಹದ ರೇಖೆಯನ್ನು ಒಂದೇ ವಾರದಲ್ಲಿ ತಿದ್ದಿದವರು ಈ ಕಾಂಬೋಗೆ 82 ದಿನ ತೆಗೆದುಕೊಂಡರು. ಸಂಖ್ಯೆಯೊಂದನ್ನು ಬದಲಿಸುವುದಕ್ಕಿಂತ ಚಲನೆಯೊಂದನ್ನು ಬದಲಿಸುವುದು ಬಹಳ ಹೆಚ್ಚಿನ ಕೆಲಸ, ಒಂದು ತೆರಪು ಸೇರಿಸಿದರೆ ಅದರ ಹಿಂದು ಮುಂದಿನ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು ಎಂಬುದು ನಿಜ. ಆದರೆ ಹೊಸ ವಿಸ್ತರಣೆಯನ್ನು ಅತ್ಯಂತ ಉತ್ಸಾಹದಿಂದ ಆಡುವವರು ಮೊದಲ ವಾರಗಳಲ್ಲೇ ಅದನ್ನು ಮುಗಿಸುತ್ತಾರೆ. ಅವರಿಗೆ ಸಿಕ್ಕ ಅಂತ್ಯ ಹಳೆಯ ರಡಾನ್‌ನದೇ, ಮತ್ತು ಅವರಲ್ಲಿ ಅನೇಕರು ಮರಳಿ ಬಂದು ಹೊಸಬನನ್ನು ನೋಡುವುದಿಲ್ಲ.

ಉಳಿದಿರುವುದು

ತಿದ್ದುಪಡಿಯ ನಂತರವೂ ಎರಡನೆಯ ಹಂತ ಪೂರ್ತಿ ಸರಿಹೋಗಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳಕಿನ ಪರಿಣಾಮಗಳು ತಿಳಿಯಾಗಿವೆ, ಕಂಬಗಳ ಒಳಗಿನಿಂದಲೂ ಖಡ್ಗದ ಅಂಚು ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಕೂದಲು ಮಾತ್ರ ಹಾಗೆಯೇ ಇದೆ, ಬಹುಶಃ ಅದನ್ನು ತೆಗೆದರೆ ಮಿಕೆಲ್ಲಾ ಮಿಕೆಲ್ಲಾ ಆಗಿ ಉಳಿಯುವುದಿಲ್ಲ. ಹತ್ತಿರ ನಿಂತು ಆಡುವವರು ಲಾಕ್-ಆನ್ ಬಿಟ್ಟು, ಕ್ಯಾಮೆರಾವನ್ನು ತಾವೇ ಕೆಳಗಿಳಿಸಿ, ಭುಜದ ಬದಲು ರಡಾನ್‌ನ ಪಾದಗಳನ್ನು ನೋಡುತ್ತ ಆಡಿದರೆ ಬೀಸಿನ ದಿಕ್ಕು ಮೊದಲೇ ತಿಳಿಯುತ್ತದೆ. ಇದನ್ನು ನಾನು ಕಂಡುಕೊಂಡದ್ದು ಬಹಳ ತಡವಾಗಿ.

ಅದೇ ಹಂತದಲ್ಲಿ, ಮೊದಲ ದಿನದಿಂದಲೂ ಸರಿಯಾಗಿಯೇ ಇದ್ದ ಒಂದು ಆಕ್ರಮಣವೂ ಇದೆ, ಅದಕ್ಕೆ ಸಿಗಬೇಕಾದ ಮೆಚ್ಚುಗೆ ಗದ್ದಲದಲ್ಲಿ ಮುಳುಗಿಹೋಯಿತು. ರಡಾನ್ ಆಟಗಾರನನ್ನು ಹಿಡಿದೆತ್ತಿದಾಗ ಬೆನ್ನ ಮೇಲಿನ ಮಿಕೆಲ್ಲಾ ಮುಂದಕ್ಕೆ ಬಾಗಿ ಅವನನ್ನು ಮೆಲ್ಲಗೆ ಅಪ್ಪಿಕೊಳ್ಳುತ್ತಾನೆ. ಮೊದಲ ಅಪ್ಪುಗೆಯಿಂದ ಆಟಗಾರ ಸಾಯುವುದಿಲ್ಲ, ಅವನ ಹೃದಯ ಕಳವಾದ ಗುರುತೊಂದು ಉಳಿಯುತ್ತದೆ. ಆ ಗುರುತಿರುವಾಗ ಎರಡನೆಯ ಸಲ ಸಿಕ್ಕಿಬಿದ್ದರೆ, ಜೀವದ ಪಟ್ಟಿ ಎಷ್ಟೇ ತುಂಬಿರಲಿ, ಕಥೆ ಮುಗಿಯುತ್ತದೆ. ಅದನ್ನು ಅಳಿಸಿಕೊಳ್ಳುವ ದಾರಿ ಒಂದಿದೆ: ಮಿಕೆಲ್ಲಾ ತಾನೇ ತೊರೆದುಬಂದ ಮಹಾರೂನ್ ಎಂಬ ದೈವಿಕ ಶಕ್ತಿಯ ಲಾಂಛನ. ದಾರಿಯಲ್ಲಿ ಸಿಕ್ಕ ಅದನ್ನು ಚೀಲದಲ್ಲಿಟ್ಟುಕೊಂಡು, ಏತಕ್ಕೆಂದು ತಿಳಿಯದೆ ಇಲ್ಲಿಯವರೆಗೆ ಹೊತ್ತು ತಂದವರು, ಖಡ್ಗಗಳ ನಡುವೆ ಒಂದು ಗಳಿಗೆ ಸಂಪಾದಿಸಿಕೊಂಡು ಅದನ್ನು ಕೈಯಲ್ಲಿ ಎತ್ತಿ ಹಿಡಿದರೆ ಗುರುತು ಮಾಯವಾಗುತ್ತದೆ. ಇಲ್ಲಿ ಎಚ್ಚರಿಕೆಯಿದೆ, ಯೋಚಿಸಲು ಕಾಲವಿದೆ, ಉತ್ತರವಿದೆ, ಆ ಉತ್ತರಕ್ಕೆ ಕಥೆಯಲ್ಲಿ ಬೇರೂ ಇದೆ. ಈ ಒಂದು ಹಿಡಿತವನ್ನು ಹೆಣೆದ ಕೈಗಳೇ ಆ ಮೂರು ಏಟಿನ ಕಾಂಬೋವನ್ನೂ ಹೆಣೆದವು, ಎರಡೂ ಒಂದೇ ಅಂಗಳದಲ್ಲಿ, ಒಂದೇ ಮೈಯಲ್ಲಿ 82 ದಿನ ಅಕ್ಕಪಕ್ಕದಲ್ಲೇ ಇದ್ದವು.